ಡೇವ್ ಆಡಲು ಮೂರು ಕಾರ್ಡು ಬೇಕಾಯ್ತು

ಹಿಂದಿನ ರಾತ್ರಿ ಎಲ್ಲಾ ಚೆನ್ನಾಗಿಯೇ ಇತ್ತು. ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಂದು ಸ್ವಿಚ್ ಒತ್ತಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: "ಡಿಸ್ಕ್ ಬೂಟ್ ಫೇಲ್ಯೂರ್, ಇನ್ಸರ್ಟ್ ಸಿಸ್ಟಮ್ ಡಿಸ್ಕ್ ಅಂಡ್ ಪ್ರೆಸ್ ಎಂಟರ್." ಎಂಟರ್ ಒತ್ತಿದೆ. ಕೆಳಗೆ ಮತ್ತದೇ ಸಾಲು. ಇನ್ನೊಮ್ಮೆ ಒತ್ತಿದೆ, ಮತ್ತದೇ. ಕಾಫಿ ಆರುವ ಹೊತ್ತಿಗೆ ಆ ಸಾಲು ಪರದೆಯ ತುಂಬ ಇಳಿದಿತ್ತು.

ಈ ಕಂಪ್ಯೂಟರಿನ ಮೂಲ ತಿಪಟೂರಿನದು. ಅಲ್ಲಿ ನಮ್ಮ ಸೋದರಮಾವ ಡಿ.ಟಿ.ಪಿ. ಅಂಗಡಿ ಇಟ್ಟಿದ್ದರು. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ರಸೀದಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ. 1999ರಲ್ಲಿ ತಂದ ಪೆಂಟಿಯಂ 2 ಯಂತ್ರ, 350 ಮೆಗಾಹರ್ಟ್ಸ್, 64 ಎಂ.ಬಿ. ರ‍್ಯಾಮ್, 4.3 ಜಿ.ಬಿ. ಹಾರ್ಡ್ ಡಿಸ್ಕ್. ಬೇಸಿಗೆ ರಜೆಗೆ ಹೋದಾಗ ಅಂಗಡಿ ಮುಚ್ಚುವ ಮುಂಚೆ ಅರ್ಧ ಗಂಟೆ ನನಗೆ ಬಿಟ್ಟುಕೊಡುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನಾನು ಡೇಂಜರಸ್ ಡೇವ್ ಎಂಬ ಆಟ ಆಡುತ್ತಿದ್ದೆ. ಕರೆಂಟ್ ಹೋದರೆ ಯು.ಪಿ.ಎಸ್. ಕುಯ್ಯೋ ಅನ್ನುತ್ತಿತ್ತು, ಮಾವ "ಆಫ್ ಮಾಡೋ, ಆಫ್ ಮಾಡೋ" ಎಂದು ಕೂಗುತ್ತಿದ್ದರು. ಹಾಗಾಗಿ ಹತ್ತನೇ ಹಂತ ನಾನು ಯಾವತ್ತೂ ಮುಗಿಸಿಲ್ಲ.

ಅಂಗಡಿ ಮುಚ್ಚಿ ಬಹಳ ವರ್ಷಗಳಾದವು. ಕಳೆದ ಸಲ ಊರಿಗೆ ಹೋದಾಗ ಅಟ್ಟದ ಮೇಲೆ, ಕೊಬ್ಬರಿ ಚೀಲಗಳ ಹಿಂದೆ, ಆ ಕ್ಯಾಬಿನೆಟ್ ಸಿಕ್ಕಿತು. ಕ್ಯಾಬಿನೆಟ್ ತುಕ್ಕು ಹಿಡಿದಿತ್ತು, ಕರೆಂಟ್ ಕೊಡುವ ಎಸ್‌ಎಂಪಿಎಸ್ ಒಳಗೆ ಇಲಿ ಸಂಸಾರ ಮಾಡಿ ಹೋಗಿತ್ತು. ಮದರ್‌ಬೋರ್ಡು, ಹಾರ್ಡ್ ಡಿಸ್ಕು, ಫ್ಲಾಪಿ ಡ್ರೈವು, ಕೀಬೋರ್ಡು, ಮೌಸನ್ನು ಬಿಚ್ಚಿಕೊಂಡು ಬೆಂಗಳೂರಿಗೆ ತಂದೆ. ಉಳಿದದ್ದನ್ನು ನಾನೇ ಜೋಡಿಸುವುದು ಅಂತ ಲೆಕ್ಕ.

ವಿಂಡೋಸ್‌ಗಿಂತ ಹಿಂದಿನ ಡಾಸ್ ವ್ಯವಸ್ಥೆಯನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿಕೊಂಡರೆ ಲ್ಯಾಪ್‌ಟಾಪಿನಲ್ಲೇ ಐದು ನಿಮಿಷಕ್ಕೆ ಡೇವ್ ಓಡುತ್ತಾನೆ, ಗೊತ್ತು. ನನ್ನ ಹೆಂಡತಿಯೂ ಅದನ್ನೇ ಹೇಳಿದಳು. "ಫೋನಲ್ಲೇ ಆಡಬಹುದಲ್ವಾ?" ಆಡಬಹುದು. ಆದರೆ ಹಳೇ ಸ್ಕೂಟರ್ ರಿಪೇರಿ ಮಾಡುವವರನ್ನು ಯಾರೂ "ಬಸ್ಸಲ್ಲಿ ಹೋಗಬಹುದಲ್ವಾ" ಅಂತ ಕೇಳುವುದಿಲ್ಲ.

ಹೊಸ ಎಸ್‌ಎಂಪಿಎಸ್‌ನ 24 ಪಿನ್ನಿನ ಪ್ಲಗ್ಗಿನಲ್ಲಿ ನಾಲ್ಕು ಪಿನ್ ಪಕ್ಕಕ್ಕೆ ಜಾರಿಸಿದರೆ ಹಳೇ 20 ಪಿನ್ನಿನ ಬೋರ್ಡಿಗೆ ಕೂರುತ್ತದೆ. ಮೊದಲ ಸಲ ಆನ್ ಮಾಡಿದಾಗ ಉದ್ದನೆಯ ಬೀಪ್, ಬಿಟ್ಟು ಬಿಟ್ಟು. ಅದು ರ‍್ಯಾಮಿನ ದೂರು. ಶಾಲೆ ಮಕ್ಕಳ ರಬ್ಬರಿನಿಂದ ರ‍್ಯಾಮಿನ ಹಿತ್ತಾಳೆ ಬಣ್ಣದ ಅಂಚನ್ನು ಉಜ್ಜಿ ಹಾಕಿದೆ, ಸರಿಹೋಯಿತು. ಸಿ.ಆರ್. 2032 ಸೆಲ್ ಬದಲಾಯಿಸಿದೆ. ಇಷ್ಟು ಸುಲಭವಾಗಿ ಆಗಿದ್ದರಿಂದ ನನಗೆ ಸ್ವಲ್ಪ ಕೊಬ್ಬು ಬಂತು.

ಹಾರ್ಡ್ ಡಿಸ್ಕ್ ಮಾತ್ರ ಟಿಕ್ ಟಿಕ್ ಅಂತಿತ್ತು. ಅಂಥ ಡಿಸ್ಕಿನಿಂದ ಬೂಟ್ ಮಾಡಲು, ಅಂದರೆ ಯಂತ್ರ ಶುರು ಮಾಡಲು, ಹೋಗಬಾರದು, ಅದಕ್ಕೆ ಉಳಿದಿರುವುದು ಕೆಲವೇ ಗಂಟೆ ಇರಬಹುದು. ಯು.ಎಸ್.ಬಿ. ಕನ್ವರ್ಟರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಓಡಿಸಿದೆ. ಅದರ ಜಾಣತನ ಏನೆಂದರೆ, ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗಗಳನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ ಆಮೇಲೆ ಮತ್ತೆ ಬರುತ್ತದೆ. ರಾತ್ರಿಯೆಲ್ಲ ಓಡಿ ಕೆಲವು ಕೆ.ಬಿ. ಬಿಟ್ಟು ಪೂರ್ತಿ ಡಿಸ್ಕ್ ಒಂದೇ ಕಡತವಾಗಿ ಬಂತು. ಒಳಗೆ ನೂರಾರು ಮದುವೆ ಪತ್ರಿಕೆಗಳು! ತೆರೆದು ನೋಡಿದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಇರುವ ಯುರೋಪಿನ ಅಕ್ಷರಗಳ ಕಲಸುಮೇಲೋಗರ. ಆಗಿನ ನುಡಿ ಫಾಂಟುಗಳಲ್ಲಿ ಯೂನಿಕೋಡ್ ಇರಲಿಲ್ಲ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಅದೇ ಫಾಂಟ್ ಹಾಕಿದ ಮೇಲೆ "ಚಿ|| ರಾ||" ಎದ್ದು ಕೂತಿತು. ಅದನ್ನು ಜೋಪಾನವಾಗಿ ಎತ್ತಿಟ್ಟು ನನ್ನ ಕೆಲಸಕ್ಕೆ ವಾಪಸ್ ಬಂದೆ.

ಈಗ ಡಿಸ್ಕಿನ ಜಾಗಕ್ಕೆ ಏನು? ಆ ಕಾಲದ ಐ.ಡಿ.ಇ. ಜೋಡಣೆಯ ಹಳೇ ಹಾರ್ಡ್ ಡಿಸ್ಕ್ ಕೊಂಡರೆ ಅದೂ ನಾಳೆ ಟಿಕ್ ಅನ್ನುತ್ತದೆ. ಎಸ್.ಡಿ. ಕಾರ್ಡನ್ನು ಐ.ಡಿ.ಇ. ಡಿಸ್ಕ್ ಥರ ತೋರಿಸುವ ಒಂದು ಪುಟ್ಟ ಅಡಾಪ್ಟರ್ ಬರುತ್ತದೆ. ಅದನ್ನು ತರಿಸಿ, ಮನೆಯಲ್ಲಿದ್ದ 64 ಜಿ.ಬಿ. ಕಾರ್ಡನ್ನು ತುರುಕಿದೆ.

ಸ್ವಿಚ್ ಒತ್ತಿದಾಗ ಬೋರ್ಡಿನಲ್ಲಿ ಮೊದಲು ಓಡುವ ಪ್ರೋಗ್ರಾಂ ಬಯೋಸ್. ಅದು ಡ್ರೈವ್ ಹುಡುಕುವ ಸಾಲಿಗೆ ಬಂದು ನಿಂತುಬಿಟ್ಟಿತು. ಡಿಲೀಟ್ ಒತ್ತಿದರೂ ಇಲ್ಲ, ಕಂಟ್ರೋಲ್ ಆಲ್ಟ್ ಡಿಲೀಟಿಗೂ ಇಲ್ಲ. ಕೇಬಲ್ ಬದಲಾಯಿಸಿದೆ. ಡಿಸ್ಕ್ ಮೊದಲನೆಯದೋ ಎರಡನೆಯದೋ ಎಂದು ಹೇಳುವ ಮಾಸ್ಟರ್ ಸ್ಲೇವ್ ಜಂಪರ್ ಆ ಕಡೆ ಈ ಕಡೆ ಮಾಡಿದೆ. ಅಡಾಪ್ಟರ್ ಸತ್ತಿದೆ ಅಂತ ತೀರ್ಮಾನಿಸಿ, ಕೊಟ್ಟವನಿಗೆ ಮನಸ್ಸಿನಲ್ಲೇ ಬೈದೆ. ಅಡಾಪ್ಟರ್ ತಪ್ಪೇ ಇರಲಿಲ್ಲ. 1999ಕ್ಕಿಂತ ಮುಂಚಿನ ಎಷ್ಟೋ ಬಯೋಸ್‌ಗಳು ಡಿಸ್ಕಿನ ಜಾಗವನ್ನು 65,535 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಎಂಬ ಲೆಕ್ಕದ ಆಚೆ ಎಣಿಸಲಾರವು. ಒಂದು ಸೆಕ್ಟರಿಗೆ 512 ಬೈಟ್. ಗುಣಿಸಿ ನೋಡಿ, 33.8 ಜಿ.ಬಿ. ಆಗುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕ್ ಕಂಡರೆ "ನನಗೆ ಗೊತ್ತಿಲ್ಲ" ಅಂತ ಹೇಳುವ ಬದಲು ಸುಮ್ನೆ ನಿಂತುಬಿಡುತ್ತವೆ. ಬಯೋಸ್ ಬದಲಾಯಿಸುವ ದಾರಿ ಇದೆ. ಆದರೆ ಮಧ್ಯದಲ್ಲಿ ಕರೆಂಟ್ ಹೋದರೆ ಮಾವನ ಬೋರ್ಡು ಕಾಗದದ ಮೇಲಿಡುವ ಕಲ್ಲಾಗುತ್ತದೆ. ಧೈರ್ಯ ಬರಲಿಲ್ಲ.

ಅಗ್ಗದಲ್ಲಿ ಒಂದು 32 ಜಿ.ಬಿ. ಕಾರ್ಡ್ ತಂದೆ. ಬಯೋಸ್ ತಕ್ಷಣ ಗುರುತಿಸಿತು. ವಿಂಡೋಸ್ 98 ಎರಡನೇ ಆವೃತ್ತಿ ಹಾಕಿದೆ, ಆ ಮೋಡದ ಚಿತ್ರ ಬಂತು. ಒಂದು ವಾರ ಹಬ್ಬ. ದಿನಾ ಸಂಜೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಹಳೇ ಆಟಗಳ ಸಿ.ಡಿ. ಇಮೇಜುಗಳನ್ನು, ಅಂದರೆ ಇಡೀ ಸಿ.ಡಿ.ಯ ನಕಲು ಕಡತಗಳನ್ನು, ಒಂದೊಂದಾಗಿ ತುಂಬುತ್ತಿದ್ದೆ. ಒಂದೊಂದೂ 650 ಎಂ.ಬಿ. ಹನ್ನೆರಡು ಆಯಿತು. ಹದಿಮೂರನೆಯದನ್ನು ಹಾಕಿ ಮಲಗಿದೆ. ಮಾರನೇ ಬೆಳಗ್ಗೆಯೇ ಆ ಕಾಫಿ ಆರಿದ್ದು.

ನಾನು ಮೊದಲು ರ‍್ಯಾಮ್ ಮೇಲೆ ಅನುಮಾನಪಟ್ಟೆ. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ಒಂದು ತಪ್ಪೂ ಇಲ್ಲ. ಹಾಗಾದರೆ ವಿಂಡೋಸ್ ಕೆಟ್ಟಿರಬೇಕು. ಅಳಿಸಿ ಮತ್ತೆ ಹಾಕಿದೆ, ನಡೆಯಿತು. ಇಮೇಜುಗಳನ್ನು ತುಂಬಿದೆ. ಹದಿಮೂರಕ್ಕೆ ಮತ್ತೆ ಮಗುಚಿಕೊಂಡಿತು! ಎರಡು ಸಲವೂ ಹದಿಮೂರು. ನಮ್ಮಜ್ಜಿ ಇದ್ದಿದ್ದರೆ ಆ ಸಂಖ್ಯೆಗೆ ಬೇರೆ ಪರಿಹಾರ ಹೇಳುತ್ತಿದ್ದರು. ನಾನು ಕೂತು ಗುಣಿಸಿದೆ. ಹನ್ನೆರಡು ಸಲ 650 ಅಂದರೆ 7,800. ವಿಂಡೋಸ್ ಮತ್ತು ಆಟಗಳದ್ದು ಸೇರಿದರೆ ಎಂಟು ಸಾವಿರ ದಾಟಿತು. ಎಂಟು ಜಿ.ಬಿ.!

ಲಿನಕ್ಸ್‌ನಲ್ಲಿ ಎಫ್3 ಅಂತ ಒಂದು ಉಪಕರಣ ಇದೆ. ಕಾರ್ಡಿನ ತುಂಬ ಗುರುತಿನ ಕಡತಗಳನ್ನು ಬರೆಯುತ್ತದೆ, ಆಮೇಲೆ ಓದಿ ತಾಳೆ ನೋಡುತ್ತದೆ. ಓಡಿಸಿದೆ. ಕಾರ್ಡಿನ ಮೇಲೆ ಮುದ್ರಿಸಿದ್ದು 32, ಒಳಗಿದ್ದದ್ದು 8. ಕಾರ್ಡಿನ ಒಳಗಿನ ಕಂಟ್ರೋಲರ್ 32 ಇದೆ ಅಂತ ಸುಳ್ಳು ಹೇಳಲು ತಯಾರಾಗಿತ್ತು. ಎಂಟು ತುಂಬಿದ ಮೇಲೆ ಬರೆದದ್ದು ಎಲ್ಲಿಗೆ ಹೋಗಬೇಕು? ಸುತ್ತಿಕೊಂಡು ಮೊದಲಿಗೆ ಬಂದು, ಇದ್ದದ್ದರ ಮೇಲೆಯೇ ಬರೆಯುತ್ತಿತ್ತು. ಡಿಸ್ಕಿನ ಮೊಟ್ಟ ಮೊದಲ ಸೆಕ್ಟರ್‌ನಲ್ಲಿ ಬೂಟ್ ಮಾಡುವ ಪುಟ್ಟ ಪ್ರೋಗ್ರಾಂ ಮತ್ತು ಪಾರ್ಟಿಷನ್ (ಡಿಸ್ಕಿನ ಭಾಗಗಳ) ಪಟ್ಟಿ ಇರುತ್ತದೆ. ಹದಿಮೂರನೇ ಸಿ.ಡಿ. ಅದನ್ನು ತುಳಿದುಕೊಂಡು ಹೋಗಿತ್ತು. ವಿಂಡೋಸ್ ಪಾಪ, ರ‍್ಯಾಮ್ ಪಾಪ, ಎರಡೂ ನಿರಪರಾಧಿಗಳು. ಈಗ ಯಾವ ಕಾರ್ಡ್ ತಂದರೂ ಮೊದಲು ಎಫ್3 ಓಡಿಸಿಯೇ ಮುಂದಿನ ಮಾತು. ವಿಂಡೋಸ್ ಇರುವವರಿಗೆ ಎಚ್2ಟೆಸ್ಟ್‌ಡಬ್ಲ್ಯೂ ಇದೆ, ಕೆಲಸ ಅದೇ.

ಮೂರನೇ ಕಾರ್ಡಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ಸೌಂಡ್ ಕಾರ್ಡೂ ಬೇಕಿತ್ತು, ಡಾಸ್ ಆಟಗಳಿಗೆ ಐ.ಎಸ್.ಎ. ಎಂಬ ಹಳೇ ಸ್ಲಾಟಿನದೇ ಆಗಬೇಕು. ಮೂರು ಅಂಗಡಿಯಲ್ಲಿ ನಕ್ಕರು. ನಾಲ್ಕನೆಯವರು, "ಸಾರ್, ಅದೆಲ್ಲ ಈಗ ತೂಕಕ್ಕೆ ಹೋಗುತ್ತೆ" ಅಂತ ಹೇಳುತ್ತಲೇ ಮಹಡಿ ಹತ್ತಿ ಹೋದರು. ಧೂಳು ಕೊಡವುತ್ತಾ ಒಂದು ಕಾರ್ಡ್ ತಂದರು. ಅವರ ಹತ್ತಿರವೇ ಕ್ಯಾಮೆರಾದ ಹಳೇ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಇತ್ತು, 4 ಜಿ.ಬಿ. ಈ ಕಾರ್ಡಿನ ವಿಶೇಷ ಏನೆಂದರೆ ಅದು ಹುಟ್ಟಿನಿಂದಲೇ ಐ.ಡಿ.ಇ. ಭಾಷೆ ಮಾತಾಡುತ್ತದೆ. ಅಡಾಪ್ಟರಿನಲ್ಲಿ ತಂತಿ ಜೋಡಿಸುವುದು ಬಿಟ್ಟರೆ ಹೆಚ್ಚೇನೂ ಇಲ್ಲ. ಎಫ್3 ಪಾಸು. ನಿಜವಾದ 4 ಜಿ.ಬಿ.

ಲ್ಯಾಪ್‌ಟಾಪಿನಲ್ಲೇ ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಮಾಡಿ, ಸಿಸ್ಟಮ್ ಕಡತಗಳನ್ನು ಹಾಕಿ ತಂದು ಚುಚ್ಚಿದೆ. ಮೂಲೆಯಲ್ಲಿ ಒಂದು ಗೀಟು ಮಿನುಗುತ್ತಾ ಕೂತಿತು. ಎರರ್ ಇಲ್ಲ, ಬೂಟ್ ಇಲ್ಲ. ಬೈಯುವ ಸಂದೇಶವಾದರೂ ಬಂದರೆ ಹುಡುಕಬಹುದು. ಈ ಮಿನುಗುವ ಗೀಟಿನಷ್ಟು ರೇಗಿಸುವುದು ಬೇರೆ ಇಲ್ಲ.

ಎರಡು ಸಂಜೆ ಕಳೆದ ಮೇಲೆ ಹೊಳೆಯಿತು. ಹಳೇ ಬಯೋಸ್ ಡಿಸ್ಕನ್ನು ನೇರವಾಗಿ "ಇಷ್ಟನೇ ಸೆಕ್ಟರ್" ಅಂತ ಕೇಳುವುದಿಲ್ಲ. ಇಷ್ಟನೇ ಸಿಲಿಂಡರ್, ಇಷ್ಟನೇ ಹೆಡ್, ಇಷ್ಟನೇ ಸೆಕ್ಟರ್ ಅಂತ ಮನೆ ವಿಳಾಸದ ಥರ ಕೇಳುತ್ತದೆ. ಬೂಟ್ ಆಗುವಾಗ ಕೇಳುವ ಈ ವಿಳಾಸದಲ್ಲಿ ಸಿಲಿಂಡರ್ ಸಂಖ್ಯೆ 1,024 ದಾಟುವಂತಿಲ್ಲ. ಹಾಗಾಗಿ ಡಿಸ್ಕ್ ದೊಡ್ಡದಾದಂತೆ ಹೆಡ್ಡಿನ ಸಂಖ್ಯೆ ಹೆಚ್ಚಿಸಿ ಸರಿತೂಗಿಸುತ್ತದೆ: 16, 32, 64, 128, ಕೊನೆಗೆ 255. ಕಾರ್ಡಿನೊಳಗೆ ನಿಜವಾದ ಹೆಡ್ ಒಂದೂ ಇಲ್ಲ ಅನ್ನುವುದು ಬೇರೆ ಮಾತು. ನನ್ನ 4 ಜಿ.ಬಿ. ಕಾರ್ಡಿಗೆ ಬಯೋಸ್ 128 ಹೆಡ್ ಅಂತ ಲೆಕ್ಕ ಹಾಕಿತ್ತು. ಲ್ಯಾಪ್‌ಟಾಪು 255 ಅಂತ ಬರೆದು ಕಳಿಸಿತ್ತು. ರಸ್ತೆಯೂ ಅದೇ, ಮನೆಯೂ ಅದೇ, ಎಣಿಸುವ ಕ್ರಮ ಮಾತ್ರ ಬೇರೆ. ಪೋಸ್ಟ್‌ಮ್ಯಾನ್ ಯಾರದ್ದೋ ಮನೆ ಬಾಗಿಲು ತಟ್ಟಿ ಸುಮ್ಮನಾಗುತ್ತಿದ್ದ.

ಪರಿಹಾರ ಸರಳ: ಯಾವ ಯಂತ್ರದಲ್ಲಿ ಓಡಬೇಕೋ ಅದರಲ್ಲೇ ಪಾರ್ಟಿಷನ್ ಮಾಡಬೇಕು. ಲ್ಯಾಪ್‌ಟಾಪಿನಲ್ಲಿ ಕಾರ್ಡಿನ ಮೊದಲ ಸೆಕ್ಟರ್ ಸೊನ್ನೆ ಮಾಡಿದೆ. ಬಯೋಸ್‌ನಲ್ಲಿ ನಾರ್ಮಲ್, ಎಲ್‌ಬಿಎ, ಲಾರ್ಜ್ ಅಂತ ಎಣಿಸುವ ಮೂರು ಆಯ್ಕೆ ಇದ್ದವು, ಎಲ್‌ಬಿಎ ಇಟ್ಟೆ. ಇನ್ನು ವಿಂಡೋಸ್ 98ರ ಬೂಟ್ ಫ್ಲಾಪಿ ಬೇಕು. ಮಾವನ ಡಬ್ಬಿಯಲ್ಲಿ ಹತ್ತು ಫ್ಲಾಪಿ ಇದ್ದವು. ಶಟರ್ ಸರಿಸಿ ನೋಡಿದರೆ ಒಳಗಿನ ತಟ್ಟೆಯ ಮೇಲೆ ಬೂಷ್ಟು. ಹತ್ತರಲ್ಲಿ ಎರಡು ಬದುಕಿದ್ದವು. ಒಂದು ಫ್ಲಾಪಿಯ ಲೇಬಲ್ ಮೇಲೆ ಮಾವನ ಕೈಬರಹ, "ಬೋರ್‌ವೆಲ್ ಬಿಲ್, ಅಳಿಸಬೇಡಿ". ಅದನ್ನೇ ಅಳಿಸಬೇಕಾಗಿ ಬಂತು. ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್, ಅದನ್ನು ಬೂಟ್‌ಗೆ ಆಕ್ಟಿವ್ ಮಾಡುವುದು, ರೀಬೂಟ್, ಆಮೇಲೆ ಸಿಸ್ಟಮ್ ಸಮೇತ ಫಾರ್ಮ್ಯಾಟ್. ಆಕ್ಟಿವ್ ಮಾಡುವುದನ್ನು ಒಂದು ಸಲ ಮರೆತೆ, ಮತ್ತೆ ಮಾಡಿದೆ. ಸಿ ಡ್ರೈವಿನ ಪ್ರಾಂಪ್ಟ್ ಬಂತು!

ವಿಂಡೋಸ್ ಹಾಕಿದ ಮೇಲೆ ಸುಮ್ಮನಿರಬೇಕಿತ್ತು. ವೇಗ ಜಾಸ್ತಿ ಆಗಲಿ ಅಂತ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಡಿ.ಎಂ.ಎ. (ಸಿ.ಪಿ.ಯು. ನೆರವಿಲ್ಲದೆ ಮಾಹಿತಿ ಸಾಗಿಸುವ ವಿಧಾನ) ಚೌಕಕ್ಕೆ ಟಿಕ್ ಹಾಕಿದೆ. ರೀಬೂಟ್ ಮಾಡಿದರೆ ಮೋಡದ ಚಿತ್ರದಲ್ಲೇ ನಿಂತಿತು. ಡಾಸ್‌ಗೆ ಬೂಟ್ ಮಾಡಿ ಸ್ಕ್ಯಾನ್‌ರೆಜ್ ರಿಸ್ಟೋರ್ ಕೊಟ್ಟು ಹಿಂದಿನ ದಿನದ ರಿಜಿಸ್ಟ್ರಿಯನ್ನು, ಅಂದರೆ ವಿಂಡೋಸ್‌ನ ಸೆಟ್ಟಿಂಗ್ ಕಡತವನ್ನು, ವಾಪಸ್ ತಂದೆ. ಈ ಸಲ ಬೇಗ ಪಾಠ ಕಲಿತಿದ್ದೆ, ವಿಂಡೋಸ್‌ಗೆ ಬೈಯಲಿಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಅಡಾಪ್ಟರಿನ 21 ಮತ್ತು 29ನೇ ಪಿನ್‌ಗಳಿಂದ ಕಾರ್ಡಿನ ಕಡೆಗೆ ಹಿಡಿದೆ. ಡಿ.ಎಂ.ಎ.ಗೆ "ಕೊಡಲಾ", "ಕೊಡು" ಎಂದು ಮಾತಾಡಿಕೊಳ್ಳುವ ತಂತಿಗಳು ಅವೆರಡು. ಬೀಪ್ ಬರಲಿಲ್ಲ. ಅಗ್ಗದ ಅಡಾಪ್ಟರಿನಲ್ಲಿ ಆ ಎರಡು ತಂತಿ ಜೋಡಿಸಿಯೇ ಇರಲಿಲ್ಲ. ಚೌಕ ಖಾಲಿ ಬಿಟ್ಟೆ. ಅದಿಲ್ಲದೆಯೂ ಪಿ.ಐ.ಓ. 4 ಎಂಬ ವಿಧಾನದಲ್ಲಿ ಸೆಕೆಂಡಿಗೆ 16 ಎಂ.ಬಿ.ವರೆಗೆ ಸಾಗಿಸಬಹುದು. ಡೇವ್‌ಗೆ ಇದೇ ದೊಡ್ಡ ಹೆದ್ದಾರಿ.

ಡೇವ್ ಅಂದ ಕೂಡಲೇ ಓಡಿತು. ಜಾನ್ ರೊಮೆರೊ 1988ರಲ್ಲಿ ಆಪಲ್ 2ಕ್ಕೆ ಬರೆದು, ಆಮೇಲೆ ಡಾಸ್‌ಗೆ ಬಂದ ಆಟ. ಅದಕ್ಕೆ ಸೌಂಡ್ ಕಾರ್ಡೂ ಬೇಡ, ಕ್ಯಾಬಿನೆಟ್ಟಿನ ಸ್ಪೀಕರಿನಲ್ಲೇ ಕುಂಯ್ ಕುಂಯ್ ಅನ್ನುತ್ತದೆ. ಅದೇ ರೊಮೆರೊ ಮತ್ತು ಜೊತೆಗಾರರು ಮಾಡಿದ 1993ರ ಡೂಮ್ ಮಾತ್ರ ಸದ್ದಿಲ್ಲದೆ ಓಡಿತು. ಆಟದ ಸೆಟಪ್ಪಿನಲ್ಲಿ ಸೌಂಡ್ ಕಾರ್ಡಿನ ವಿಳಾಸ 220, ಐ.ಆರ್.ಕ್ಯೂ. (ಕಾರ್ಡು ಸಿ.ಪಿ.ಯು.ವನ್ನು ಕರೆಯುವ ಗಂಟೆ) 5, ಡಿ.ಎಂ.ಎ. 1 ಅಂತ ಸರಿಯಾಗಿಯೇ ಕೊಟ್ಟಿದ್ದೆ. ಆದರೆ ಬಯೋಸ್ ಆ 5ನ್ನು ಪಕ್ಕದ ಪಿ.ಸಿ.ಐ. ನೆಟ್‌ವರ್ಕ್ ಕಾರ್ಡಿಗೆ ದಾನ ಮಾಡಿಬಿಟ್ಟಿತ್ತು. ಬಯೋಸ್‌ನಲ್ಲಿ 5ನ್ನು ಹಳೇ ಐ.ಎಸ್.ಎ. ಕಾರ್ಡಿಗೆ ಮೀಸಲು ಅಂತ ಬರೆದೆ. ಮೊದಲ ಗುಂಡಿನ ಸದ್ದಿಗೆ ಪಕ್ಕದ ಕೋಣೆಯಿಂದ "ಏನದು?" ಅಂತ ಕೂಗು ಬಂತು.

ಇನ್ನೊಂದು ಆಟ "ಮೆಮೊರಿ ಸಾಲದು" ಅಂದಿತು. ಇರುವುದು 64 ಎಂ.ಬಿ., ಆಟ ಕೇಳುವುದು 600 ಕೆ.ಬಿ.! ಹೊಸಬರಿಗೆ ತಲೆ ಕೆಡುವುದು ಇಲ್ಲೇ. ಡಾಸ್ ಪ್ರೋಗ್ರಾಂಗಳ ಅಡುಗೆಮನೆ ಮೊದಲ 640 ಕೆ.ಬಿ. ಮಾತ್ರ. ಮನೆ ಎಷ್ಟೇ ದೊಡ್ಡದಾದರೂ ಒಲೆ ಅಲ್ಲೇ ಇರುವುದು. ಡಾಸ್, ಮೌಸ್ ಡ್ರೈವರ್, ಸಿ.ಡಿ. ಡ್ರೈವರ್ ಎಲ್ಲ ಅಲ್ಲೇ ಬಂದು ಕೂತರೆ ಆಟಕ್ಕೆ ಜಾಗ ಇಲ್ಲ. ಕಾನ್ಫಿಗ್ ಕಡತದಲ್ಲಿ 640ರ ಆಚೆಯ ಮೆಮೊರಿ ತೆರೆಯುವ ಹೈಮೆಮ್, ಇಎಂಎಂ386 ಹಾಕಿ, ಡಾಸ್ ಹೈ ಯುಎಂಬಿ ಅಂತ ಒಂದು ಸಾಲು ಸೇರಿಸಿ, ಡ್ರೈವರ್‌ಗಳನ್ನು ಎಲ್‌ಎಚ್ ಕೊಟ್ಟು ಅಟ್ಟಕ್ಕೆ ಹತ್ತಿಸಿದೆ. ಮೆಮ್ ಆಜ್ಞೆ ಕೊಟ್ಟರೆ 541 ಕೆ.ಬಿ. ಖಾಲಿ ಇದ್ದದ್ದು 607 ಆಗಿತ್ತು. ಈ ಅಂಕಿ ಏರುವುದನ್ನು ನೋಡುವುದು ಆಟಕ್ಕಿಂತ ಚೆನ್ನಾಗಿರುತ್ತದೆ, ಸುಳ್ಳಲ್ಲ.

ಒಂದು ಪುಟ್ಟ ಶೇರ್‌ವೇರ್ ಆಟ ಮಾತ್ರ "ರನ್‌ಟೈಮ್ ಎರರ್ 200" ಅಂತ ಹೇಳಿ ಬಿದ್ದುಬಿಡುತ್ತಿತ್ತು. ಕಡತ ಕೆಟ್ಟಿದೆ ಅಂದುಕೊಂಡು ಬೇರೆ ಪ್ರತಿ ಹಾಕಿದೆ, ಅದೂ ಹಾಗೇ. ಇದು ಟರ್ಬೊ ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳ ಹಳೇ ಕಾಯಿಲೆ. ಶುರುವಾದ ಕೂಡಲೇ ಅವು 55 ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಎಣಿಸಬಹುದು ಅಂತ ನೋಡಿ, ಬಂದ ಸಂಖ್ಯೆಯನ್ನು 55ರಿಂದ ಭಾಗಿಸಿ ಯಂತ್ರದ ವೇಗ ತಿಳಿದುಕೊಳ್ಳುತ್ತವೆ. ಉತ್ತರ 65,535ರ ಒಳಗೆ ಇರುತ್ತದೆ ಅನ್ನುವ ನಂಬಿಕೆ ಮೇಲೆ ಬರೆದದ್ದು. 200 ಮೆಗಾಹರ್ಟ್ಸ್ ಆಸುಪಾಸು ದಾಟಿದರೆ ಉತ್ತರ ಆ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ನನ್ನ ಯಂತ್ರ ಕೆಟ್ಟಿರಲಿಲ್ಲ, ಅದು ಅತಿ ವೇಗದ್ದಾಗಿತ್ತು! ಈ ಕಾಲದಲ್ಲಿ ಪೆಂಟಿಯಂ 2ಕ್ಕೆ ಇಂಥ ಹೊಗಳಿಕೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಬಯೋಸ್‌ನಲ್ಲಿ ಸಿ.ಪಿ.ಯು. ಕ್ಯಾಶ್ (ಅದರ ವೇಗದ ಪುಟ್ಟ ಮೆಮೊರಿ) ಆಫ್ ಮಾಡಿದರೆ ಯಂತ್ರ ಕಾಲೆಳೆದುಕೊಂಡು ನಡೆಯುತ್ತದೆ, ಆಟ ಶುರುವಾಗುತ್ತದೆ. ಆಮೇಲೆ ಕ್ಯಾಶ್ ವಾಪಸ್ ಆನ್ ಮಾಡಲು ಮರೆತು, ವಿಂಡೋಸ್ ಬರಲು ಯಾಕಿಷ್ಟು ಹೊತ್ತು ಅಂತ ಅರ್ಧ ದಿನ ತಲೆಕೆಡಿಸಿಕೊಂಡೆ.

ಕೊನೆಗೆ ಉಳಿದದ್ದು ಒಂದೇ, ಮೌಸ್. ಬಾಣ ಮೇಲೆ ಕೆಳಗೆ ಸರಿಯಾಗಿ ಹೋಗುತ್ತಿತ್ತು. ಎಡಕ್ಕೆ ಬಲಕ್ಕೆ ಹೋಗುವಾಗ ತಡೆದು ತಡೆದು ಹಾರುತ್ತಿತ್ತು. ಇಷ್ಟೆಲ್ಲಾ ಕಂಡ ಮೇಲೆ ನನಗೆ ಇದೂ ಡ್ರೈವರ್ ಸಮಸ್ಯೆಯೇ. ವಿಂಡೋಸ್‌ನಲ್ಲಿ ಡ್ರೈವರ್ ತೆಗೆದು ಹಾಕಿದೆ. ಡಾಸ್‌ನಲ್ಲಿ ಕ್ಯೂಟ್‌ಮೌಸ್ ಎಂಬ ಡ್ರೈವರ್ ಹಾಕಿ ನೋಡಿದೆ. ಐ.ಆರ್.ಕ್ಯೂ. 12ರಲ್ಲಿ ಬೇರೆ ಯಾರಾದರೂ ಕೂತಿದ್ದಾರಾ ಅಂತ ಹುಡುಕಿದೆ. ಯಾರೂ ಇಲ್ಲ.

ಆ ಭಾನುವಾರ ಮಾವ ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಬಂದಿದ್ದರು. ಮೇಜಿನ ಮೇಲಿನ ಹಳದಿಗಟ್ಟಿದ ಕೀಬೋರ್ಡ್ ನೋಡಿ ನಿಂತರು.

"ಏನೋ, ಇದು ನಮ್ಮ ಅಂಗಡೀದಲ್ವಾ?"

"ಹೌದು ಮಾವ. ಕೂತ್ಕೊಳ್ಳಿ, ಆನ್ ಮಾಡ್ತೀನಿ."

ಕೂತರು. ಡೇವ್ ತೋರಿಸಿದೆ, "ಹ್ಞೂಂ" ಅಂದರು ಅಷ್ಟೇ. ಮದುವೆ ಪತ್ರಿಕೆಗಳನ್ನೂ ಉಳಿಸಿದ್ದೇನೆ ಅಂದೆ. "ಅಯ್ಯೋ, ಅವರ ಮಕ್ಕಳಿಗೇ ಮದುವೆ ಆಗಿರುತ್ತೆ ಬಿಡು" ಅಂದರು. ಆಮೇಲೆ ತಾವೇ ಸ್ಟಾರ್ಟ್ ಒತ್ತಿ, ಪ್ರೋಗ್ರಾಮ್ಸ್, ಆಕ್ಸೆಸರೀಸ್, ಗೇಮ್ಸ್ ಅಂತ ಯೋಚಿಸದೆ ಹೋಗಿ ಫ್ರೀಸೆಲ್ ತೆರೆದರು. ನಾನು ರಜೆಯಲ್ಲಿ ಅರ್ಧ ಗಂಟೆಗೆ ಕಾಯುತ್ತಿದ್ದಾಗ ಉಳಿದ ಹೊತ್ತಿನಲ್ಲಿ ಇವರು ಏನು ಮಾಡುತ್ತಿದ್ದರು ಅಂತ ಆಗ ಗೊತ್ತಾಯಿತು.

ಮೊದಲ ಎಲೆ ಎಳೆಯುವಾಗಲೇ ಬಾಣ ಹಾರಿತು.

"ಡ್ರೈವರ್ ಪ್ರಾಬ್ಲಂ ಮಾವ, ಇನ್ನೂ ನೋಡ್ತಿದೀನಿ" ಅಂದೆ.

ಅವರು ಮಾತಾಡಲಿಲ್ಲ. ಮೌಸ್ ಬೋರಲು ಹಾಕಿ, ಕೆಳಗಿನ ಉಂಗುರ ಹೆಬ್ಬೆರಳಲ್ಲಿ ತಿರುಗಿಸಿ, ಗುಂಡನ್ನು ಅಂಗೈಗೆ ಬೀಳಿಸಿಕೊಂಡರು. ಒಳಗಿನ ಪುಟ್ಟ ರೋಲರಿನ ಮೇಲೆ ಕರೀ ಕೊಳೆ ಪಟ್ಟಿ ಕಟ್ಟಿತ್ತು. ಉಗುರಿನಿಂದ ಕೆರೆದು, ಉಫ್ ಅಂತ ಊದಿ, ಗುಂಡನ್ನು ಪಂಚೆಗೆ ಒರೆಸಿ ವಾಪಸ್ ಹಾಕಿದರು. ಬಾಣ ಬೆಣ್ಣೆ ಹಾಗೆ ಸರಿದಾಡಿತು.

"ವಾರಕ್ಕೊಂದ್ಸಲ ಮಾಡ್ಬೇಕಾಗಿತ್ತು ಕಣೋ" ಅಂದು ಎಲೆ ಜೋಡಿಸತೊಡಗಿದರು. ಆ ರಾತ್ರಿ ನನಗೆ ಡೇವ್ ಆಡಲು ಕಂಪ್ಯೂಟರ್ ಸಿಗಲಿಲ್ಲ.